ಇಂಟರ್ನೆಟ್ ಹುಟ್ಟಿದ ಕಥೆ: ಯಾವುದು ಕಾಗದದಲ್ಲಿದೆ, ಯಾವುದು ನೆನಪಿನಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಟರ್ನೆಟ್‌ನ ಮೊದಲ ಸಂದೇಶದ ಕಥೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತದೆ. 1969ರ ಅಕ್ಟೋಬರ್ 29, ರಾತ್ರಿ ಹತ್ತೂವರೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಯುಸಿಎಲ್‌ಎ ವಿಶ್ವವಿದ್ಯಾಲಯ. ಅಲ್ಲಿ ಚಾರ್ಲಿ ಕ್ಲೈನ್ ಎನ್ನುವ ವಿದ್ಯಾರ್ಥಿ ಕಂಪ್ಯೂಟರ್ ಮುಂದೆ ಕೂತು, ಐನೂರು ಕಿಲೋಮೀಟರಿಗೂ ದೂರದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಅಂದರೆ ಎಸ್‌ಆರ್‌ಐನ ಇನ್ನೊಂದು ಕಂಪ್ಯೂಟರಿಗೆ 'ಲಾಗಿನ್' ಅಂತ ಟೈಪ್ ಮಾಡಲು ಶುರು ಮಾಡಿದರು. ಎಲ್ ಹೋಯಿತು. ಓ ಹೋಯಿತು. ಜಿ ಒತ್ತಿದಾಗ ಆ ಕಡೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಆಗ ಈ ಜಾಲದ ಹೆಸರು ಅರ್ಪಾನೆಟ್. ಇವತ್ತಿನ ಇಂಟರ್ನೆಟ್ ಬೆಳೆದು ಬಂದದ್ದು ಅದರಿಂದಲೇ.

ಆ ರಾತ್ರಿ ಬರೆದಿಟ್ಟ ಲಾಗ್ ಪುಸ್ತಕದ ಹಾಳೆ ಇಂದಿಗೂ ಇದೆ. ಅದರ ಚಿತ್ರವನ್ನು ಯಾರು ಬೇಕಾದರೂ ನೋಡಬಹುದು. 22:30 ಅಂತ ಸಮಯ ಇದೆ, ಎಸ್‌ಆರ್‌ಐ ಜೊತೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಿದೆವು ಅನ್ನುವ ಅರ್ಥದ ಒಂದು ಸಾಲು ಇದೆ, ಕ್ಲೈನ್ ಅವರ ಇನಿಷಿಯಲ್ಸ್ ಇವೆ. ಎಲ್ ಇಲ್ಲ. ಓ ಇಲ್ಲ. ಕಂಪ್ಯೂಟರ್ ಕೆಟ್ಟ ಸುದ್ದಿಯೂ ಇಲ್ಲ!

ಹಾಗಂತ ಆ ಕಥೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಈ ಕಡೆ ಇದ್ದ ಕ್ಲೈನ್, ಆ ಕಡೆ ಇದ್ದ ಬಿಲ್ ಡುವಾಲ್, ಇಬ್ಬರೂ ಅದನ್ನು ಹೇಳಿದ್ದಾರೆ, ನಾನಂತೂ ನಂಬುತ್ತೇನೆ. ಆದರೆ ನೋಡಿ, ಸಮಯ ನಮಗೆ ಗೊತ್ತಿರುವುದು ಕಾಗದದಿಂದ, ಎರಡು ಅಕ್ಷರದ ಕಥೆ ಗೊತ್ತಿರುವುದು ನೆನಪಿನಿಂದ. ಇವೆರಡನ್ನೂ ಒಂದೇ ತೂಕದಲ್ಲಿ ಇಟ್ಟು ಬರೆದುಬಿಡುತ್ತೇವಲ್ಲ, ಅಲ್ಲೇ ಜಗಳ ಶುರುವಾಗುವುದು.

ಒಂದು ದೊಡ್ಡ ಜಗಳ ಹೇಳುತ್ತೇನೆ. ಇಂಟರ್ನೆಟ್ ನಡೆಯುವುದೇ ಪ್ಯಾಕೆಟ್ ಸ್ವಿಚಿಂಗ್ ಅನ್ನುವ ವಿಧಾನದ ಮೇಲೆ. ಸಂದೇಶವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ವಿಳಾಸ ಹಚ್ಚಿ, ಖಾಲಿ ಇರುವ ದಾರಿಯಲ್ಲಿ ಕಳಿಸಿ, ಆ ಕಡೆ ಮತ್ತೆ ಜೋಡಿಸಿಕೊಳ್ಳುವುದು. ಇದನ್ನು ಮೊದಲು ಯೋಚಿಸಿದವರು ಯಾರು? ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಈ ಬಗ್ಗೆ 1964ರಲ್ಲಿ ಸಾಲು ಸಾಲಾಗಿ ವರದಿ ಹೊರತಂದರು. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಡೊನಾಲ್ಡ್ ಡೇವಿಸ್ 1965ರಲ್ಲಿ, ಬ್ಯಾರನ್ ಕೆಲಸದ ಸುಳಿವೇ ಇಲ್ಲದೆ, ತಾವಾಗಿಯೇ ಅದೇ ದಾರಿಗೆ ಬಂದರು. 'ಪ್ಯಾಕೆಟ್' ಅಂತ ಹೆಸರಿಟ್ಟವರೂ ಅವರೇ. 1967ರಲ್ಲಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಒಂದು ಸಮ್ಮೇಳನ ನಡೆಯಿತು. ಅರ್ಪಾನೆಟ್ ಯೋಜನೆ ಹೊತ್ತಿದ್ದ ಲ್ಯಾರಿ ರಾಬರ್ಟ್ಸ್ ಅಲ್ಲಿದ್ದರು. ಡೇವಿಸ್ ತಂಡದ ರೋಜರ್ ಸ್ಕ್ಯಾಂಟಲ್ಬರಿ ತಮ್ಮ ಕೆಲಸವನ್ನು ಅಲ್ಲೇ ಮಂಡಿಸಿದರು, ಬ್ಯಾರನ್ ಅವರ ವರದಿಗಳ ಬಗ್ಗೆಯೂ ಹೇಳಿದರು.

ಮೂರನೆಯವರು ಯುಸಿಎಲ್‌ಎಯ ಲೆನಾರ್ಡ್ ಕ್ಲೈನ್‌ರಾಕ್. ಆ ಮೊದಲ ಸಂದೇಶ ಹೋದದ್ದು ಅವರ ಲ್ಯಾಬಿನಿಂದಲೇ. ಸಂದೇಶಗಳು ಜಾಲದಲ್ಲಿ ಸಾಲು ನಿಂತು ಹೋಗುವಾಗ ಎಷ್ಟು ತಡವಾಗುತ್ತದೆ ಅನ್ನುವ ಲೆಕ್ಕವನ್ನು ಅವರು ಅರುವತ್ತರ ದಶಕದ ಶುರುವಿನಲ್ಲೇ, ಎಂಐಟಿಯಲ್ಲಿ ಪಿಎಚ್‌ಡಿ ಮಾಡುವಾಗಲೇ, ಮಾಡಿದ್ದರು. ಅದು ದೊಡ್ಡ ಕೆಲಸ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಪ್ಯಾಕೆಟ್ ಸ್ವಿಚಿಂಗಿನ ಬೇರು ಆ ಕೆಲಸದಲ್ಲೇ ಇದೆ ಅಂತ ತೊಂಬತ್ತರ ದಶಕದಲ್ಲಿ ಅವರೂ ರಾಬರ್ಟ್ಸ್ ಕೂಡ ಹೇಳತೊಡಗಿದಾಗ ಉಳಿದವರಿಗೆ ಸಿಟ್ಟು ಬಂತು. ಡೇವಿಸ್ ಹಳೆಯ ಬರಹಗಳನ್ನೆಲ್ಲ ತೆಗೆದು ಓದಿ, ಅವುಗಳಲ್ಲಿ ಸಂದೇಶವನ್ನು ತುಂಡು ಮಾಡಿ ಕಳಿಸುವ ಯೋಚನೆ ಕಾಣುವುದಿಲ್ಲ ಅಂತ ಒಂದು ಲೇಖನ ಬರೆದರು. ಅವರು 2000ದಲ್ಲಿ ತೀರಿಕೊಂಡರು, ಲೇಖನ ಅಚ್ಚಾದದ್ದು 2001ರಲ್ಲಿ. ಅದೇ ವರ್ಷ ಎಂಜಿನಿಯರಿಂಗ್‌ನ ದೊಡ್ಡ ಗೌರವವಾದ ಅಮೆರಿಕದ ಡ್ರೇಪರ್ ಪ್ರಶಸ್ತಿ, ಇಂಟರ್ನೆಟ್‌ನ ಸಂವಹನ ನಿಯಮಗಳನ್ನು ರೂಪಿಸಿದ ವಿಂಟ್ ಸರ್ಫ್, ಬಾಬ್ ಕಾನ್, ಜೊತೆಗೆ ಕ್ಲೈನ್‌ರಾಕ್, ರಾಬರ್ಟ್ಸ್, ಹೀಗೆ ನಾಲ್ವರಿಗೆ ಸಿಕ್ಕಿತು. ಬ್ಯಾರನ್ ಹೆಸರು ಅದರಲ್ಲಿ ಇರಲಿಲ್ಲ. ಕ್ಲೈನ್‌ರಾಕ್ ಮಾತ್ರ ತಮ್ಮ ಮಾತು ಬಿಟ್ಟುಕೊಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಡೇವಿಸ್ ಹಿಡಿದ ದಾರಿ ಸರಿ. ಮೂವತ್ತು ವರ್ಷದ ಮೇಲೆ ಯಾರು ಏನು ಹೇಳಿದರು ಅನ್ನುವುದಕ್ಕಿಂತ ಆವತ್ತು ಏನು ಬರೆದಿದ್ದರು ಅನ್ನುವುದನ್ನು ನೋಡಬೇಕು.

ಇನ್ನೊಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅಣುಬಾಂಬ್ ಬಿದ್ದರೂ ಸಂಪರ್ಕ ತಪ್ಪಬಾರದು ಅಂತ ಇಂಟರ್ನೆಟ್ ಕಟ್ಟಿದರಂತೆ. ಆ ಯೋಚನೆ ಇದ್ದದ್ದು ಬ್ಯಾರನ್ ಅವರ ವರದಿಗಳಲ್ಲಿ, ಅರ್ಪಾನೆಟ್ ಶುರುವಾದ ಕಾರಣ ಬೇರೆ. ಅರ್ಪಾ ಅಂದರೆ ಅರ್ಪಾನೆಟ್‌ಗೆ ಹಣ ಕೊಟ್ಟ, ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ. ಅದರ ಕಚೇರಿಯಲ್ಲಿ ಕಂಪ್ಯೂಟರ್ ಸಂಶೋಧನೆ ನೋಡಿಕೊಳ್ಳುತ್ತಿದ್ದ ಬಾಬ್ ಟೇಲರ್ ಅವರ ಮುಂದೆ ಮೂರು ಟರ್ಮಿನಲ್ ಇದ್ದವು, ಮೂರು ಊರಿನ ಮೂರು ಕಂಪ್ಯೂಟರಿಗೆ ಒಂದೊಂದು. ಇದೆಲ್ಲ ಒಂದರಲ್ಲೇ ಯಾಕೆ ಆಗಬಾರದು ಅಂತ ಅವರು 1966ರಲ್ಲಿ ಹಣ ಕೇಳಿದರು, ಅಷ್ಟೇ. ಬಾಂಬಿನ ಕಥೆಯನ್ನು ಟೇಲರ್ ಎಷ್ಟು ಸಲ ಅಲ್ಲಗಳೆದರೂ ಅದು ಹೋಗಲಿಲ್ಲ. ಬಾಂಬ್ ಇದ್ದರೆ ಕಥೆಗೆ ರುಚಿ ಜಾಸ್ತಿ, ಅಲ್ವಾ?

ಕಾಗದ ಉಳಿಸಿದವರ ಹೆಸರು ಮಾತ್ರ ಈ ಜಗಳದಲ್ಲಿ ಕೇಳಿಸುವುದೇ ಇಲ್ಲ. ಎಲಿಜಬೆತ್ ಫೈನ್ಲರ್ ಎನ್ನುವವರಿದ್ದಾರೆ, ಎಲ್ಲರೂ ಕರೆಯುವುದು ಜೇಕ್ ಅಂತ. 1972ರಿಂದ ಎಸ್‌ಆರ್‌ಐನಲ್ಲಿ ಜಾಲದ ಮಾಹಿತಿ ಕೇಂದ್ರದ ಕೆಲಸ ಮಾಡುತ್ತಾ, ಮುಂದೆ ಅದನ್ನು ನಡೆಸಿದರು. ಯಾವ ಕಂಪ್ಯೂಟರ್ ಎಲ್ಲಿದೆ, ಅದರ ಹೆಸರೇನು ಅನ್ನುವ ಪಟ್ಟಿ ಇದ್ದದ್ದು ಅವರ ತಂಡದ ಕೈಯಲ್ಲಿ. ಡಾಟ್ ಕಾಮ್, ಡಾಟ್ ಎಜು ಅಂತ ನಾವು ದಿನವೂ ಬಳಸುತ್ತೇವಲ್ಲ, ಆ ಹೆಸರುಗಳ ವ್ಯವಸ್ಥೆಯಲ್ಲೂ ಅವರ ತಂಡದ ಕೈ ಇದೆ. ಆ ಕಾಲದ ಪತ್ರ, ಕೈಪಿಡಿ, ಪಟ್ಟಿಗಳನ್ನು ಎಸೆಯಲು ಬಿಡದೆ ನೂರಾರು ಪೆಟ್ಟಿಗೆಗಳಲ್ಲಿ ಉಳಿಸಿದರು. ಈಗ ಅವು ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಅವರಿಗೂ ಡ್ರೇಪರ್‌ನಂಥ ಪ್ರಶಸ್ತಿ ಸಲ್ಲಬೇಕಿತ್ತು ಅಂತ ನನಗೆ ಅನಿಸುತ್ತದೆ.

ಉಳಿಸದಿದ್ದರೆ ಏನಾಗುತ್ತದೆ? ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರವಾದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಜಗತ್ತಿನ ಮೊದಲ ವೆಬ್ ಪುಟವನ್ನೇ ನೋಡಿ. ಅದನ್ನು ಬದಲಿಸುತ್ತಾ ಹೋದರು, ಹಳೆಯದರ ಮೇಲೆ ಹೊಸದು ಬಂತು. 2013ರಲ್ಲಿ ಸರ್ನ್ ಅದನ್ನು ಮತ್ತೆ ಹಾಕಲು ಹೊರಟಾಗ ಅವರ ಕೈಯಲ್ಲಿ ಇದ್ದದ್ದು 1992ರ ಪ್ರತಿ.

ನಮ್ಮ ದೇಶದ ಮಾತಿಗೆ ಬರೋಣ. ಭಾರತಕ್ಕೆ ಇಂಟರ್ನೆಟ್ ಯಾವಾಗ ಬಂತು ಅಂದರೆ 1995ರ ಆಗಸ್ಟ್ 15 ಅಂತ ಥಟ್ಟನೆ ಉತ್ತರ ಬರುತ್ತದೆ. ಆಗ ಸರ್ಕಾರದ ದೂರಸಂಪರ್ಕ ಸಂಸ್ಥೆಯಾಗಿದ್ದ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಅದನ್ನು ಕೊಟ್ಟ ದಿನ ಅದು. ಆದರೆ ಶಿಕ್ಷಣ, ಸಂಶೋಧನೆ ಸಂಸ್ಥೆಗಳಿಗಾಗಿ ಅರ್ನೆಟ್ ಅನ್ನುವ ಜಾಲ 1986ರಲ್ಲೇ ಶುರುವಾಗಿತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಿನಿಂದಲೂ ಅದರಲ್ಲಿತ್ತು. 1995ಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿನವರು ಇಮೇಲ್ ಕಳಿಸುತ್ತಿದ್ದರು. ಆವತ್ತು ಆ ಮೋಡೆಮ್‌ಗಳ ಮುಂದೆ ರಾತ್ರಿ ಕೂತವರು ಈಗ ನಿವೃತ್ತರಾಗಿ ನಮ್ಮ ನಡುವೆಯೇ ಇದ್ದಾರೆ.

ಅವರಲ್ಲಿ ಯಾರಾದರೂ ಈ ಮಾತು ಕೇಳುತ್ತಿದ್ದರೆ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಆ ಕಾಲದ ನೋಟ್‌ಬುಕ್ಕು, ಪ್ರಿಂಟ್ ತೆಗೆದ ಇಮೇಲು, ಫ್ಲಾಪಿ, ಏನೇ ಇದ್ದರೂ ಹಳೇ ಪೇಪರ್‌ನವರಿಗೆ ಹಾಕಬೇಡಿ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ, ಯಾರ ಕೈಬರಹ ಅಂತ ಗುರುತು ಮಾಡಿ. ಆಮೇಲೆ ನೀವು ಕೆಲಸ ಮಾಡಿದ ಸಂಸ್ಥೆಯ ಲೈಬ್ರರಿಗೆ ಒಂದು ಫೋನ್ ಮಾಡಿ, ತಗೊಳ್ಳುತ್ತೀರಾ ಅಂತ ಕೇಳಿ.