ಮೇಜಿನ ಮೇಲೊಂದು ಕುಂಬಳಕಾಯಿ

ಗೌರಿಬಿದನೂರಿನ ಆತ್ಮೀಯರೇ, ಶಿಕ್ಷಕ ಬಂಧುಗಳೇ, ವಿದ್ಯಾರ್ಥಿಗಳೇ,

ಎಚ್. ನರಸಿಂಹಯ್ಯನವರು, ನಮ್ಮೆಲ್ಲರ ಎಚ್ಚೆನ್, ಯಾರೆಂದು ನಿಮ್ಮೂರಿಗೆ ಬಂದು ನಾನು ಹೇಳಬೇಕಾಗಿಲ್ಲ. ಅವರು ಹುಟ್ಟಿದ ಹೊಸೂರು ನಿಮ್ಮ ತಾಲ್ಲೂಕಿನದೇ. 1935ರಲ್ಲಿ ಓದುವ ಆಸೆ ಹೊತ್ತು ಆ ಹುಡುಗ ಬೆಂಗಳೂರಿಗೆ ಹೊರಟಾಗ ಇಲ್ಲಿಂದ ರೈಲಿತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ನಡೆದೇ ಹೋದರು. ಕ್ವಿಟ್ ಇಂಡಿಯಾ ದಿನಗಳ ಸೆರೆವಾಸ, ಹಾಸ್ಟೆಲಿನ ಕೋಣೆಯಲ್ಲೇ ಕಳೆದ ಬದುಕು, 1984ರ ಪದ್ಮಭೂಷಣ, ಎಲ್ಲವೂ ನಿಮಗೆ ಗೊತ್ತು.

ನನ್ನ ತಕರಾರು ಒಂದೇ. ಅವರನ್ನು ಗಾಂಧಿವಾದಿ ಎನ್ನುತ್ತೇವೆ, ವಿಚಾರವಾದಿ ಎನ್ನುತ್ತೇವೆ. 1946ರಲ್ಲಿ ನ್ಯಾಷನಲ್ ಕಾಲೇಜು ಸೇರಿದ ಭೌತಶಾಸ್ತ್ರದ ಮೇಷ್ಟ್ರನ್ನು ಮಾತ್ರ ಮರೆಯುತ್ತೇವೆ.

ಮೇಜಿನ ಮೇಲೆ ಕುಂಬಳಕಾಯಿ ಏಕೆ ಎಂದು ಆಗಿನಿಂದ ಮಕ್ಕಳು ಪಿಸುಗುಟ್ಟುತ್ತಿದ್ದಾರೆ. ಹೇಳುತ್ತೇನೆ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಅವರೊಂದು ಸಮಿತಿ ರಚಿಸಿದರು. ಬರಿಗೈಯಿಂದ ಉಂಗುರ, ವಿಭೂತಿ ತೆಗೆಯುತ್ತಾರೆಂದು ಹೆಸರಾಗಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಆಗ ಎದ್ದ ಗದ್ದಲದಲ್ಲಿ ಜನರ ಬಾಯಲ್ಲಿ ಉಳಿದದ್ದು ಎಚ್ಚೆನ್ ಅವರ ಕುಂಬಳಕಾಯಿ: ಉಂಗುರ, ವಿಭೂತಿ ಬರುವ ಕೈಯಿಂದ ಒಂದು ಕುಂಬಳಕಾಯಿ ಏಕೆ ಬಾರದು?

ಇದನ್ನು ಕೇಳಿ ನಕ್ಕು ಸುಮ್ಮನಾಗುವವರೇ ಹೆಚ್ಚು. ನೋಡಿ, ಈ ಉಂಗುರ ನನ್ನ ಬೆರಳ ಸಂದಿಯಲ್ಲಿ ಅಡಗಿತು. ಈ ಕಾಯಿಯನ್ನು ಎರಡು ಕೈಯಿಂದ ತಬ್ಬಿ ಎತ್ತಬೇಕು, ಯಾವ ಅಂಗಿಯ ತೋಳಿನೊಳಗೂ ಹಿಡಿಸದು. ಒಳ್ಳೆಯ ಪ್ರಯೋಗವೆಂದರೆ ಇದೇ: ಬೇರೆ ದಾರಿಗಳನ್ನೆಲ್ಲ ಮುಚ್ಚಿ, ಒಂದನ್ನೇ ತೆರೆದಿಡುವುದು. ಪ್ರಯೋಗಶಾಲೆಯಲ್ಲಿ ಪಳಗಿದ ಮನಸ್ಸಿಗೆ ಮಾತ್ರ ಹೊಳೆಯುವ ಕುಂಬಳಕಾಯಿ ಇದು!

ಇನ್ನೂ ಒಳಗೆ ಇಳಿಯೋಣ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು ಅವರು. ವಸ್ತು ಹುಟ್ಟಬೇಕಾದರೆ ಶಕ್ತಿ ಎಷ್ಟು ಬೇಕೆಂದು ಬಲ್ಲವರು. ಐನ್‌ಸ್ಟೈನರ E = mc² ಸೂತ್ರದಂತೆ, ಐದು ಗ್ರಾಂ ಉಂಗುರ ಬರಿಯ ಶಕ್ತಿಯಿಂದಲೇ ಮೂಡಬೇಕಾದರೆ ಸುಮಾರು 12.5 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಬೇಕು. ತಿಂಗಳಿಗೆ ನೂರು ಯೂನಿಟ್ ಉರಿಸುವ ಒಂದು ಲಕ್ಷ ಮನೆಗಳು ಒಂದು ವರ್ಷ ಬೆಳಗುತ್ತವೆ! ಮಕ್ಕಳೇ, ಮನೆಗೆ ಹೋಗಿ ಲೆಕ್ಕ ಮಾಡಿ ನೋಡಿ, ನನ್ನ ಮಾತನ್ನು ನಂಬಬೇಡಿ. ಹಾಗಾಗಿ ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆಯಲ್ಲಿ ಯಾರ ಭಕ್ತಿಗೂ ಅವಮಾನವಿಲ್ಲ. ಅದು ಶಕ್ತಿಯ ಸಂರಕ್ಷಣೆಯ ಪಾಠ: ಶಕ್ತಿ ಶೂನ್ಯದಿಂದ ಹುಟ್ಟದು. ಮೇಷ್ಟ್ರು ಪಾಠವನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬರಲಿಲ್ಲ, ಅಷ್ಟೆ.

ಇಂದು ಭೌತಶಾಸ್ತ್ರದಲ್ಲಿ ತೊಂಬತ್ತೈದು ಅಂಕ ತೆಗೆದ ಹುಡುಗ ಗ್ರಹಣದ ದಿನ ಅನ್ನ ಚೆಲ್ಲುವುದನ್ನು ಕಂಡಾಗ ನನ್ನ ಕರುಳು ಚುರ್ ಎನ್ನುತ್ತದೆ. ತಪ್ಪು ಹುಡುಗನದಲ್ಲ. ‘ಎಲ್ಲಿಂದ ಬಂತು, ಹೇಗೆ ಗೊತ್ತು’ ಎಂದು ಕೇಳುವುದನ್ನು ನಾವು ಅವನಿಗೆ ಕಲಿಸಲೇ ಇಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬಾಗೇಪಲ್ಲಿಯಲ್ಲೂ ನಿಮ್ಮೂರಲ್ಲೂ ಎದ್ದು ನಿಂತ ಕಾಲೇಜುಗಳ ವಿಷಯ ನನ್ನ ಹಾಳೆಯಲ್ಲೇ ಉಳಿಯಿತು. 1962ರಲ್ಲಿ ಎಚ್ಚೆನ್ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಗ್ಗೆ ಒಂದೇ ಮಾತು: ವಾರ ತಪ್ಪದ ವಿಜ್ಞಾನ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದದ್ದು.

ಉಳಿದ ಐದು ನಿಮಿಷ ನಿಮ್ಮದು. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿ ಇಳಿಸಿದ ಹುಡುಗಿ, ಕೇಳಮ್ಮ.