ಟ್ರಾನ್ಸ್ ಮಿಕ್ಸಿಂಗ್: ಮೊದಲು ವೇಗ, ಆಮೇಲೆ ಶ್ರುತಿ

ಎಲ್ಲರಿಗೂ ನಮಸ್ಕಾರ.

ಟ್ರಾನ್ಸ್ ಅನ್ನುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತದಲ್ಲಿ ಒಂದು ಟ್ರ್ಯಾಕನ್ನು ಇನ್ನೊಂದರ ಜೊತೆ ಬೆರೆಸುವ, ಅಂದರೆ ಮಿಕ್ಸ್ ಮಾಡುವ ಬಗ್ಗೆ ಇವತ್ತು ನಾನು ಒತ್ತಿ ಹೇಳಬೇಕಾದದ್ದು ಒಂದೇ ವಿಷಯ. ಟ್ರ್ಯಾಕಿನ ವೇಗ ಬದಲಾಯಿಸಿದರೆ ಅದರ ಶ್ರುತಿಯೂ ಬದಲಾಗುತ್ತದೆ. ಇದು ನಿಮಗೆ ಗೊತ್ತು. ಆದರೂ ಡೆಕ್ (ಟ್ರ್ಯಾಕ್ ನುಡಿಸುವ ಯಂತ್ರ) ಮುಂದೆ ನಿಂತಾಗ ಎಷ್ಟೋ ಜನ ಪರದೆಯ ಮೇಲಿನ ಶ್ರುತಿಯ ನಂಬರನ್ನೇ ನಂಬಿಬಿಡುತ್ತಾರೆ.

ಬರೀ ತಾಳದ ಮೇಲೆ ನಿಂತ ಸಂಗೀತದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಟ್ರಾನ್ಸ್‌ನಲ್ಲಿ ನಡೆಯುವುದಿಲ್ಲ. ಟ್ರಾನ್ಸ್‌ನ ಜೀವ ಇರುವುದೇ ಮೆಲೊಡಿಯಲ್ಲಿ. ಉದ್ದುದ್ದ ಪ್ಯಾಡ್‌ಗಳು (ಎಳೆದು ಹಿಡಿದ ಹಿನ್ನೆಲೆ ಸ್ವರಗಳು), ಒಂದೊಂದೇ ಸ್ವರವಾಗಿ ಬಿಡದೆ ಓಡುವ ಆರ್ಪೆಜಿಯೊ, ಡ್ರಮ್ ನಿಂತು ಸ್ವರಗಳಷ್ಟೇ ಉಳಿಯುವ ಬ್ರೇಕ್‌ಡೌನ್. ಎರಡು ಟ್ರ್ಯಾಕ್ ಒಂದು ನಿಮಿಷದಷ್ಟು ಹೊತ್ತು ಜೊತೆಯಾಗಿ ಓಡುವುದು ಇಲ್ಲಿ ಮಾಮೂಲಿ. ಅಷ್ಟು ಹೊತ್ತು ಅಪಸ್ವರ ಕೇಳಿದರೆ ಸಂಗೀತ ಕಲಿಯದವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಮೊದಲು ವೇಗ ನೋಡೋಣ. ಟ್ರಾನ್ಸ್ ಸಾಮಾನ್ಯವಾಗಿ ನಿಮಿಷಕ್ಕೆ 130ರಿಂದ 140 ಬೀಟ್ ಓಡುತ್ತದೆ. ನಾಲ್ಕು ಬೀಟ್ ಸೇರಿದರೆ ಒಂದು ಬಾರ್. 138ರಲ್ಲಿ 32 ಬಾರ್ ಅಂದರೆ ಸುಮಾರು 56 ಸೆಕೆಂಡ್. ಎರಡು ಡೆಕ್‌ಗಳ ನಡುವೆ ನಿಮಿಷಕ್ಕೆ ಬರೀ 0.1 ಬೀಟ್ ವ್ಯತ್ಯಾಸ ಇದೆ ಅಂದುಕೊಳ್ಳಿ. 32 ಬಾರ್ ಮುಗಿಯುವಷ್ಟರಲ್ಲಿ ಕಿಕ್‌ಗಳು, ಅಂದರೆ ದಪ್ಪ ಡ್ರಮ್‌ನ ಹೊಡೆತಗಳು, ಸುಮಾರು 40 ಮಿಲಿಸೆಕೆಂಡ್ ದೂರ ಹೋಗಿರುತ್ತವೆ. ಒಂದು ಕಿಕ್ ಎರಡಾಗಿ ಕೇಳುತ್ತದೆ. ಆದ್ದರಿಂದ ಶುರುವಿನಲ್ಲಿ ಬೀಟ್ ಸೇರಿತು ಅಂತ ಕೈ ಬಿಡಬೇಡಿ, ಮಿಕ್ಸ್ ಮುಗಿಯುವವರೆಗೂ ಕಿವಿ ಅಲ್ಲೇ ಇರಲಿ.

ಈಗ ಶ್ರುತಿ. ಮಾರ್ಕ್ ಡೇವಿಸ್ ಮಾಡಿದ ಕ್ಯಾಮೆಲಾಟ್ ಚಕ್ರವನ್ನು ನೀವೆಲ್ಲ ನೋಡಿರುತ್ತೀರಿ. ಯಾವ ಕೀ, ಅಂದರೆ ಯಾವ ಸ್ವರಗುಂಪು, ಯಾವುದರ ಜೊತೆ ಕೂಡುತ್ತದೆ ಅಂತ ತೋರಿಸುವ ಚಿತ್ರ ಅದು. 1ರಿಂದ 12ರವರೆಗಿನ ನಂಬರ್. ನಂಬರ್ ಪಕ್ಕದ ಎ ಅಂದರೆ ಮೈನರ್, ಬಿ ಅಂದರೆ ಮೇಜರ್, ಇವು ಸ್ವರಗುಂಪಿನ ಎರಡು ಬಗೆ. ಎ ಮೈನರ್ 8ಎ, ಸಿ ಮೇಜರ್ 8ಬಿ. ಈ ಎರಡರಲ್ಲಿ ಏಳಕ್ಕೆ ಏಳೂ ಸ್ವರ ಒಂದೇ. 8ಎ ಪಕ್ಕದ 7ಎ ಅಥವಾ 9ಎಗೆ ಹೋದರೆ ಏಳರಲ್ಲಿ ಆರು ಸ್ವರ ಒಂದೇ. ಅದಕ್ಕೇ ಪಕ್ಕದ ಮನೆಗೆ ಹೋದರೆ ಕಿವಿಗೆ ಹಿತ.

ಆದರೆ ಆ ನಂಬರ್ ಟ್ರ್ಯಾಕಿನ ಮೂಲ ವೇಗದ್ದು ಅಲ್ವಾ? ಇಲ್ಲೇ ಸ್ವಲ್ಪ ನಿಲ್ಲೋಣ. ವೇಗ ಸುಮಾರು 6% ಏರಿದರೆ ಶ್ರುತಿ ಒಂದು ಸೆಮಿಟೋನ್ (ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದು ಹೆಜ್ಜೆ) ಏರುತ್ತದೆ. 130ರ ಟ್ರ್ಯಾಕನ್ನು 138ಕ್ಕೆ ಎಳೆದರೆ ಆಗುವುದು ಇದೇ. ಪರದೆ 8ಎ ಅಂತ ತೋರಿಸಿದರೂ ಕಿವಿಗೆ ಬೀಳುವುದು 3ಎ. ಒಂದು ಸೆಮಿಟೋನ್ ಏರಿದರೆ ಚಕ್ರದಲ್ಲಿ ಏಳು ಮನೆ ಮುಂದೆ, 12 ಆದ ಮೇಲೆ ಮತ್ತೆ 1. ಲೆಕ್ಕ ಗೊತ್ತಿದ್ದರೆ ಜೋಡಿ ಹುಡುಕುವುದು ಸುಲಭ, 8ಎ ಬಿಟ್ಟು 2ಎ, 3ಎ, 4ಎ ಕಡೆ ನೋಡಿ.

ನಿಜವಾದ ತೊಂದರೆ ಇರುವುದು 134ರ ಟ್ರ್ಯಾಕನ್ನು 138ಕ್ಕೆ ಏರಿಸಿದಾಗ. ಅದು ಸುಮಾರು 3%, ಅಂದರೆ ಅರ್ಧ ಸೆಮಿಟೋನ್. ಎರಡೂ ಟ್ರ್ಯಾಕ್ 8ಎ ಆಗಿದ್ದರೂ ಶ್ರುತಿ ಕೂಡುವುದಿಲ್ಲ. ಚಕ್ರದ ಯಾವ ಮನೆಗೂ ಅದು ಸೇರುವುದಿಲ್ಲ. ವಿನೈಲ್‌ನಲ್ಲಿ ನುಡಿಸುವವರಿಗೆ ಇದರಿಂದ ಬಿಡುಗಡೆ ಇಲ್ಲ. ಅವರು ವೇಗ ಹತ್ತಿರ ಇರುವ ರೆಕಾರ್ಡ್‌ಗಳನ್ನೇ ಜೋಡಿ ಮಾಡಬೇಕು.

ಡಿಜಿಟಲ್ ಡೆಕ್‌ನಲ್ಲಿ ಕೀ ಲಾಕ್ ಇದೆ. ಹಾಕಿದರೆ ವೇಗ ಬದಲಾದರೂ ಶ್ರುತಿ ಹಾಗೇ ಉಳಿಯುತ್ತದೆ. ಎರಡು ಮೂರು ಪರ್ಸೆಂಟಿಗೆ ಧೈರ್ಯವಾಗಿ ಹಾಕಿ. ಜಾಸ್ತಿ ಎಳೆದರೆ ಮಾತ್ರ ಕಿಕ್‌ನ ಮೊನೆ ಮೊಂಡಾಗುತ್ತದೆ, ಗಾಯನ ನಡುಗಿದ ಹಾಗೆ ಕೇಳುತ್ತದೆ. ಸಣ್ಣ ಹೆಡ್‌ಫೋನ್‌ನಲ್ಲಿ ಗೊತ್ತಾಗದ್ದು ದೊಡ್ಡ ಸ್ಪೀಕರ್‌ನಲ್ಲಿ ಬಯಲಾಗುತ್ತದೆ.

ಇನ್ನೊಂದು ಮಾತು. ಕೀ ಹುಡುಕುವ ಸಾಫ್ಟ್‌ವೇರ್ ಕೂಡ ತಪ್ಪುತ್ತದೆ. 8ಎ ಇದ್ದದ್ದನ್ನು 8ಬಿ ಅನ್ನುತ್ತದೆ, ಕೆಲವೊಮ್ಮೆ ಪಕ್ಕದ ಮನೆ ತೋರಿಸುತ್ತದೆ. ಕೀಬೋರ್ಡ್ ಪಕ್ಕದಲ್ಲಿಟ್ಟುಕೊಂಡು ಬೇಸ್ ಯಾವ ಸ್ವರಕ್ಕೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ ಅಂತ ಹುಡುಕಿ. ನಂಬರ್ ಸರಿಯೋ ಅಲ್ಲವೋ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ನಿಮಗೆ ಬೇಕೇ ಬೇಕಾದ ಎರಡು ಟ್ರ್ಯಾಕ್ ಕೂಡದಿದ್ದರೆ? ಸುಮ್ನೆ ಬಿಡಬೇಡಿ. ಮೊದಲನೆಯದರ ಮೆಲೊಡಿ ಪೂರ್ತಿ ನಿಲ್ಲಲಿ. ಅದರ ಬೇಸನ್ನು ಈಕ್ಯೂನಲ್ಲಿ (ದಪ್ಪ, ತೆಳು ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಗಳಲ್ಲಿ) ತೆಗೆಯಿರಿ. ಉಳಿದ ಡ್ರಮ್ ಮೇಲೆ ಎರಡನೆಯದರ ಇಂಟ್ರೊ ಕೂರಿಸಿ, 16 ಬಾರ್‌ನಲ್ಲಿ ದಾಟಿಬಿಡಿ.