ಮರಗಳ ಸದ್ದು

ಕೇಳುಗರಿಗೆ ನಮಸ್ಕಾರ.

ಗಾಳಿ ಒಂದೇ ಆದರೂ ಎಲ್ಲ ಮರಗಳ ಸದ್ದು ಒಂದೇ ಅಲ್ಲವೆಂಬುದು ಕೊಡಗಿನ ಯಾವ ಕಾಫಿ ತೋಟದಲ್ಲಿ ಕಿವಿಗೊಟ್ಟರೂ ತಿಳಿಯುತ್ತದೆ. ಸಿಲ್ವರ್ ಓಕ್ ಮರದ ಎಲೆ ಜರೀಗಿಡದ ಎಲೆಯಂತೆ ಸೀಳುಸೀಳಾಗಿರುವುದರಿಂದ ಗಾಳಿ ಅದರ ಸಂದುಗಳಲ್ಲಿ ನುಸುಳಿ ಸುಯ್ಯೆನ್ನುತ್ತದೆ. ಪಕ್ಕದ ಹಲಸಿನ ದಪ್ಪ ಎಲೆಗಳು ಒಂದಕ್ಕೊಂದು ತಾಗಿ ಪಟಪಟನೆ ಬಡಿಯುತ್ತವೆ. ತೆಳುವಾದ ಕಡ್ಡಿಯನ್ನು ದಾಟಿದ ಗಾಳಿ ಅದರ ಹಿಂಬದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣ ಸುಳಿಗಳನ್ನು ಬಿಡುತ್ತಾ ಹೋಗುತ್ತದೆ. ಕಡ್ಡಿ ತೆಳುವಾದಷ್ಟೂ, ಗಾಳಿಯ ವೇಗ ಹೆಚ್ಚಿದಷ್ಟೂ ಈ ಸುಳಿಗಳು ಬೇಗಬೇಗನೆ ಕಳಚಿಕೊಂಡು ಸ್ವರ ಏರುತ್ತದೆ. ಬಿದಿರುಮೆಳೆಯ ಕಿರುಗುಟ್ಟುವಿಕೆ ಬೇರೆಯೇ ಬಗೆಯದು, ಅದು ಗಳುಗಳು ಒಂದನ್ನೊಂದು ಉಜ್ಜಿದಾಗ ಹುಟ್ಟುವಂಥದ್ದು.

ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವವರಿಗೆ, ಅಂದರೆ ತೋಟದ ನೆರಳುಮರಗಳ ಕೊಂಬೆ ಕಡಿಯುವವರಿಗೆ, ಮರದ ಸದ್ದು ಜೀವದ ಪ್ರಶ್ನೆ. ಅರ್ಧ ಕಡಿದ ಕೊಂಬೆ ತನ್ನ ಭಾರಕ್ಕೆ ಬಾಗುವಾಗ ಒಳಗಿನ ನಾರುಗಳು ಒಂದೊಂದಾಗಿ ಹರಿಯುತ್ತವೆ; ಆ ಲಟಲಟ ಸದ್ದು ಕೇಳಿದೊಡನೆ ಕತ್ತಿ ಹಿಂದೆಗೆದು, ಕೊಂಬೆ ಸಿಗಿಯುವ ಮೊದಲೇ ಕಾಲು ಬದಲಿಸಬೇಕು.

ಇನ್ನು ನಮ್ಮ ಕಿವಿಗೆ ನಿಲುಕದ ಸದ್ದೂ ಒಂದಿದೆ. ಮರದ ಸಣ್ಣ ಕೊಳವೆಗಳಲ್ಲಿ ನೀರು ಎಲೆಗಳ ಸೆಳೆತಕ್ಕೆ ಎಳೆದ ಹುರಿಯಂತೆ ಮೇಲೇರುತ್ತದೆ. ಕಾಫಿಯ ಮೊಗ್ಗನ್ನು ಅರಳಿಸುವ ಹೂಮಳೆ ತಡವಾದ ಮಾರ್ಚ್ ತಿಂಗಳಿನಲ್ಲಿ ಮಣ್ಣು ಒಣಗಿದರೆ ಈ ಸೆಳೆತ ಮಿತಿಮೀರಿ, ಎಳೆ ತುಂಡಾಗಿ, ಅಲ್ಲಿ ಗುಳ್ಳೆ ಮೂಡುತ್ತದೆ. ಆ ಕ್ಷಣದ ಸಣ್ಣ ಚಟಕಿನ ಬಹುಪಾಲು ಮನುಷ್ಯನ ಶ್ರವಣಮಿತಿಯಾದ 20,000 ಹರ್ಟ್ಜ್‌ಗಿಂತ ಮೇಲಿರುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೀರಿಲ್ಲದೆ ಬಾಡಿದ ಟೊಮೆಟೊ ಗಿಡದಿಂದ ಗಂಟೆಗೆ ಸುಮಾರು 35, ತಂಬಾಕಿನ ಗಿಡದಿಂದ ಸುಮಾರು 11 ಇಂಥ ಸದ್ದುಗಳನ್ನು ಗಾಳಿಯಲ್ಲೇ ದಾಖಲಿಸಿದರು; ನೀರುಂಡ ಗಿಡದಿಂದ ಗಂಟೆಗೆ ಸರಾಸರಿ ಒಂದಕ್ಕಿಂತ ಕಡಿಮೆ ಬರುತ್ತಿತ್ತು.

ಇದನ್ನು ಗಿಡದ ಅಳು ಎಂದು ಬಣ್ಣಿಸಿದವರುಂಟು. ನನಗದು ಒಪ್ಪಿಗೆಯಿಲ್ಲ. ಅಳುವುದಕ್ಕೆ ಅಳುವವರೊಬ್ಬರು ಬೇಕು. ಇಲ್ಲಿರುವುದು ನೀರು, ಸೆಳೆತ ಮತ್ತು ಗುಳ್ಳೆ ಮಾತ್ರ. ಸ್ಪ್ರಿಂಕ್ಲರ್ ಯಾವಾಗ ಹಾಕಬೇಕೆಂದು ಆಕಾಶ ನೋಡುವ ರೊಬಸ್ಟಾ ಕಾಫಿ ಬೆಳೆಗಾರನಿಗೆ ಈ ಚಟಕು ಮುಂದೊಂದು ದಿನ ಉಪಯೋಗಕ್ಕೆ ಬಂದೀತು. ಆದರೆ ಟೊಮೆಟೊ ಗಿಡದ ಲೆಕ್ಕವನ್ನು ಕಾಫಿ ಗಿಡಕ್ಕೆ ಹಾಗೆಯೇ ಹಚ್ಚುವಂತಿಲ್ಲ. ಸದ್ಯಕ್ಕೆ ಬೆಳೆಗಾರನು ಮಣ್ಣಿನ ತೇವವನ್ನೂ ಮೊಗ್ಗಿನ ಹದವನ್ನೂ ನೋಡಿಯೇ ಪಂಪು ಹಚ್ಚಬೇಕಾಗುತ್ತದೆ.

ನಮಸ್ಕಾರ.